ದೊಡ್ಡ ಸಂಖ್ಯೆಗಳನ್ನು ಇಂಗ್ಲಿಷ್ ಪದಗಳಲ್ಲಿ ತಪ್ಪಿಲ್ಲದೆ ಬರೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಚೆಕ್, ಬಾಡಿಗೆ ಕರಾರು, ಸಾಲದ ಅರ್ಜಿ, ಟೆಂಡರ್ ಫಾರಂ, ಶಾಲೆಯ ವರ್ಗಾವಣೆ ಪತ್ರ ಎಲ್ಲದರಲ್ಲೂ ‘ಅಕ್ಷರಗಳಲ್ಲಿ’ ಎಂಬ ಒಂದು ಖಾಲಿ ಗೆರೆ ಇರುತ್ತದೆ. 10,05,040 ಎಂದು ಅಂಕಿಯಲ್ಲಿ ಸರಾಗವಾಗಿ ಬರೆದವರೂ ಆ ಗೆರೆಗೆ ಬಂದಾಗ ಪೆನ್ನು ನಿಲ್ಲಿಸುತ್ತಾರೆ. ‘ಆ್ಯಂಡ್’ ಎಲ್ಲಿ ಬರಬೇಕು, ‘ಲ್ಯಾಕ್’ ಬರೆಯಬೇಕೋ ‘ಲ್ಯಾಕ್ಸ್’ ಬರೆಯಬೇಕೋ, ನಡುವಿನ ಸೊನ್ನೆಗಳನ್ನು ಏನು ಮಾಡಬೇಕು ಎಂಬ ಗೊಂದಲ ಶುರುವಾಗುತ್ತದೆ.

ಆ ಗೆರೆಗೆ ಕಾನೂನಿನ ತೂಕವಿದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ, ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಮೊತ್ತ ಇದ್ದರೆ ಅಕ್ಷರದಲ್ಲಿ ಬರೆದದ್ದೇ ಪಾವತಿಸಬೇಕಾದ ಮೊತ್ತ. ಆದರೆ ಕೌಂಟರಿನಲ್ಲಿ ನಡೆಯುವುದು ಬೇರೆ. ಎರಡೂ ತಾಳೆಯಾಗದ ಚೆಕ್ಕನ್ನು ಬ್ಯಾಂಕುಗಳು ಸಾಮಾನ್ಯವಾಗಿ ವಾಪಸ್ ಕಳಿಸಿಬಿಡುತ್ತವೆ. ಹೇಗಾದರೂ ನಷ್ಟ ಬರೆದವರಿಗೇ.

ಸಮಾಧಾನದ ಸಂಗತಿ ಏನೆಂದರೆ, ಕೋಟಿ ದಾಟಿದ ಸಂಖ್ಯೆಯೊಳಗೂ ಇರುವುದು 1ರಿಂದ 999ರವರೆಗಿನ ಸಣ್ಣ ಸಂಖ್ಯೆಗಳೇ. ಅವುಗಳನ್ನು ಸರಿಯಾಗಿ ಗುಂಪು ಮಾಡಿ, ಒಂದೊಂದು ಗುಂಪಿಗೂ ಅದರ ಹೆಸರು ಸೇರಿಸಿದರೆ ಕೆಲಸ ಮುಗಿಯಿತು. ಬಹುಪಾಲು ತಪ್ಪುಗಳು ಗುಂಪು ಮಾಡದೆ ಎಡಗಡೆಯಿಂದ ನೇರವಾಗಿ ಓದಲು ಹೊರಟಾಗ ಆಗುತ್ತವೆ.

ಹಂತ 1: ಯಾವ ಪದ್ಧತಿ ಎಂದು ಮೊದಲೇ ತೀರ್ಮಾನಿಸಿ

ಇಂಗ್ಲಿಷಿನಲ್ಲಿ ದೊಡ್ಡ ಸಂಖ್ಯೆ ಬರೆಯಲು ನಮ್ಮೆದುರು ಎರಡು ದಾರಿಗಳಿವೆ. ಒಂದು ಭಾರತೀಯ ಪದ್ಧತಿ: ಥೌಸಂಡ್, ಲ್ಯಾಕ್, ಕ್ರೋರ್. ಇನ್ನೊಂದು ಅಂತರರಾಷ್ಟ್ರೀಯ ಪದ್ಧತಿ: ಥೌಸಂಡ್, ಮಿಲಿಯನ್, ಬಿಲಿಯನ್, ಟ್ರಿಲಿಯನ್. ಎರಡೂ ಸರಿಯಾದ ಇಂಗ್ಲಿಷೇ. ‘ಲ್ಯಾಕ್’, ‘ಕ್ರೋರ್’ ನಮ್ಮೂರಿನ ಪದಗಳು, ಅವು ನಿಜವಾದ ಇಂಗ್ಲಿಷ್ ಅಲ್ಲ ಎಂದು ಹಿಂಜರಿಯುವವರಿದ್ದಾರೆ. ಆ ಹಿಂಜರಿಕೆ ಬೇಡ. ರಿಸರ್ವ್ ಬ್ಯಾಂಕಿನ ಸುತ್ತೋಲೆಗಳಿಂದ ಹಿಡಿದು ಕೇಂದ್ರ ಬಜೆಟ್‌ವರೆಗೆ ಇವೇ ಬಳಕೆಯಲ್ಲಿವೆ.

ಓದುವವರು ಯಾರು ಎಂಬುದರ ಮೇಲೆ ಆಯ್ಕೆ ಮಾಡಿ. ಭಾರತದ ಬ್ಯಾಂಕು, ಸರ್ಕಾರಿ ಕಚೇರಿ, ನೋಂದಣಿ ಪತ್ರವಾದರೆ ಲ್ಯಾಕ್ ಮತ್ತು ಕ್ರೋರ್. ಬೆಂಗಳೂರಿನ ಕಂಪನಿಯಿಂದ ಅಮೆರಿಕದ ಗ್ರಾಹಕರಿಗೆ ಹೋಗುವ ವರದಿ, ಹೊರದೇಶದ ವಿಶ್ವವಿದ್ಯಾಲಯದ ಅರ್ಜಿ, ವಿಜ್ಞಾನ ಲೇಖನವಾದರೆ ಮಿಲಿಯನ್ ಮತ್ತು ಬಿಲಿಯನ್. ಭಾರತದ ಆಚೆ, ದಕ್ಷಿಣ ಏಷ್ಯಾ ಬಿಟ್ಟರೆ, ‘ಲ್ಯಾಕ್’ ಎಂದರೆ ಬಹುತೇಕರಿಗೆ ಅರ್ಥವಾಗುವುದಿಲ್ಲ.

ಒಂದೇ ದಾಖಲೆಯಲ್ಲಿ ಎರಡನ್ನೂ ಬೆರೆಸಬೇಡಿ. ‘ಟೂ ಮಿಲಿಯನ್ ಫೈವ್ ಲ್ಯಾಕ್’ ಎಂಬಂಥ ಬೆರಕೆಗೆ ಯಾವ ಭಾಷೆಯಲ್ಲೂ ಜಾಗವಿಲ್ಲ.

ಹಂತ 2: ಅಲ್ಪವಿರಾಮ ಹಾಕಿ ಗುಂಪು ಮಾಡಿ

ಬಲಗಡೆಯಿಂದ ಎಣಿಸಿ. ಭಾರತೀಯ ಪದ್ಧತಿಯಲ್ಲಿ ಮೊದಲ ಗುಂಪು ಮೂರು ಅಂಕಿಯದು, ಆಮೇಲಿನವು ಎರಡೆರಡು ಅಂಕಿಯವು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಎಲ್ಲ ಗುಂಪುಗಳೂ ಮೂರು ಮೂರು ಅಂಕಿಯವು.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 61095297. ಇದನ್ನೇ ತೆಗೆದುಕೊಳ್ಳೋಣ.

ಭಾರತೀಯ ರೀತಿ: 6,10,95,297. ಗುಂಪುಗಳು ಎಡದಿಂದ 6 ಕೋಟಿ, 10 ಲಕ್ಷ, 95 ಸಾವಿರ, 297.

ಅಂತರರಾಷ್ಟ್ರೀಯ ರೀತಿ: 61,095,297. ಗುಂಪುಗಳು ಎಡದಿಂದ 61 ಮಿಲಿಯನ್, 95 ಸಾವಿರ, 297.

ಬರೆಯುವ ಮೊದಲು ಚೂರು ಕಾಗದದ ಮೇಲೆ ಈ ಅಲ್ಪವಿರಾಮಗಳನ್ನು ಹಾಕಿಕೊಳ್ಳುವುದೇ ಇಡೀ ಕೆಲಸದ ಅರ್ಧ ಭಾಗ. ಇದನ್ನು ತಪ್ಪಿಸಬೇಡಿ, ಎಷ್ಟೇ ಅಭ್ಯಾಸವಿದ್ದರೂ.

ಹಂತ 3: ಒಂದರಿಂದ ತೊಂಬತ್ತೊಂಬತ್ತರವರೆಗೆ ಗಟ್ಟಿ ಮಾಡಿಕೊಳ್ಳಿ

ಕಾಗುಣಿತದ ತಪ್ಪುಗಳು ಲಕ್ಷ ಕೋಟಿಗಳಲ್ಲಿ ಆಗುವುದು ಕಡಿಮೆ. ಅವು ಈ ಚಿಕ್ಕ ಸಂಖ್ಯೆಗಳಲ್ಲೇ ನುಸುಳುತ್ತವೆ. ಹೆಚ್ಚು ತೊಂದರೆ ಕೊಡುವವು ಇವು:

‘ಫೋರ್’ ಮತ್ತು ‘ಫೋರ್ಟೀನ್’ ಎರಡರಲ್ಲೂ ‘ಯು’ ಇದೆ, ‘ಫಾರ್ಟಿ’ಯಲ್ಲಿ ಇಲ್ಲ. ಎಫ್, ಒ, ಆರ್, ಟಿ, ವೈ, ಅಷ್ಟೇ. ಇಂಗ್ಲಿಷ್ ಅಂಕಿಪದಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು.

‘ನೈನ್ಟೀನ್’ ಮತ್ತು ‘ನೈನ್ಟಿ’ಯಲ್ಲಿ ‘ನೈನ್’ ಪೂರ್ತಿಯಾಗಿ ಉಳಿಯುತ್ತದೆ, ಅಂದರೆ ಎರಡನೇ ‘ಎನ್’ ಆದಮೇಲೆ ‘ಇ’ ಬರಲೇಬೇಕು. ಆದರೆ ‘ನೈನ್ತ್’ ಎಂದು ಕ್ರಮಸಂಖ್ಯೆಯಾದಾಗ ಆ ‘ಇ’ ಬಿದ್ದುಹೋಗುತ್ತದೆ.

‘ಎಯ್ಟೀನ್’ ಮತ್ತು ‘ಎಯ್ಟಿ’ಯಲ್ಲಿ ‘ಟಿ’ ಒಂದೇ. ‘ಎಯ್ಟ್’ಗೆ ‘ಟೀನ್’ ಸೇರಿದಾಗ ಎರಡು ‘ಟಿ’ ಇರಬೇಕೆಂದು ತೋರಬಹುದು, ಇರುವುದಿಲ್ಲ.

‘ಫೈವ್’ನ ‘ವಿ’ ‘ಫಿಫ್ಟೀನ್’, ‘ಫಿಫ್ಟಿ’, ‘ಫಿಫ್ತ್’ಗಳಲ್ಲಿ ‘ಎಫ್’ ಆಗುತ್ತದೆ. ‘ಟ್ವೆಲ್ವ್’ ಕೂಡ ಹಾಗೇ, ಕ್ರಮಸಂಖ್ಯೆಯಲ್ಲಿ ‘ಟ್ವೆಲ್ಫ್ತ್’.

‘ಹಂಡ್ರೆಡ್’ ಬರೆಯುವಾಗ ಕೊನೆಯಲ್ಲಿ ಆರ್, ಇ, ಡಿ ಮಾತ್ರ. ನಡುವೆ ‘ಎ’ ಸೇರಿಸುವವರು ಬಹಳ.

ಇನ್ನು ಹೈಫನ್. ಟ್ವೆಂಟಿ-ಒನ್‌ನಿಂದ ನೈನ್ಟಿ-ನೈನ್‌ವರೆಗೆ ಎರಡು ಪದ ಸೇರಿ ಆಗುವ ಪ್ರತಿಯೊಂದು ಸಂಖ್ಯೆಗೂ ನಡುವೆ ಹೈಫನ್ ಬೇಕು. ಟ್ವೆಂಟಿ, ಥರ್ಟಿಯಂಥ ಪೂರ್ಣ ಹತ್ತುಗಳಿಗೆ ಬೇಡ. ‘ಫೈವ್ ಹಂಡ್ರೆಡ್’, ‘ಟೂ ಲ್ಯಾಕ್’ ಇವುಗಳ ನಡುವೆಯೂ ಬೇಡ. ಸಂಖ್ಯೆ ಎಷ್ಟೇ ಉದ್ದವಿರಲಿ, ಹೈಫನ್ ಬರುವುದು ಈ ಹತ್ತು ಮತ್ತು ಬಿಡಿ ಸೇರುವ ಜಾಗದಲ್ಲಿ ಮಾತ್ರ. ಕನ್ನಡದಲ್ಲಿ ಇಪ್ಪತ್ತೈದು ಒಂದೇ ಪದವಾಗಿ ಕೂಡಿಕೊಳ್ಳುವುದರಿಂದ ನಮ್ಮ ಕೈಗೆ ಹೈಫನ್ ಅಭ್ಯಾಸವಿಲ್ಲ. ಮೊದಲು ಕೆಲವು ದಿನ ಬೇಕೆಂದೇ ನೆನಪಿಟ್ಟು ಹಾಕಬೇಕು.

ಹಂತ 4: ‘ಆ್ಯಂಡ್’ ಎಲ್ಲಿ?

ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ ಇದು. ಅದಕ್ಕೆ ಕಾರಣ ನಮ್ಮ ಭಾಷೆಯ ಲಯದಲ್ಲೇ ಇದೆ. ಕನ್ನಡದಲ್ಲಿ ‘ಒಂದು ಲಕ್ಷದ ಇಪ್ಪತ್ತೆರಡು ಸಾವಿರದ ಐನೂರ ಆರು’ ಎನ್ನುತ್ತೇವೆ. ಲಕ್ಷ‘ದ’, ಸಾವಿರ‘ದ’, ನೂರ ಎಂದು ಪ್ರತಿ ಮೆಟ್ಟಿಲಿನಲ್ಲೂ ಒಂದು ಕೊಂಡಿ ಇರುತ್ತದೆ. ಆ ಕೊಂಡಿಯನ್ನೇ ಇಂಗ್ಲಿಷಿಗೆ ಒಯ್ದರೆ ‘ಒನ್ ಲ್ಯಾಕ್ ಆ್ಯಂಡ್ ಟ್ವೆಂಟಿ-ಟೂ ಥೌಸಂಡ್ ಆ್ಯಂಡ್ ಫೈವ್ ಹಂಡ್ರೆಡ್ ಆ್ಯಂಡ್ ಸಿಕ್ಸ್’ ಆಗುತ್ತದೆ. ಇದರಲ್ಲಿ ಮೊದಲ ಎರಡು ‘ಆ್ಯಂಡ್’ ತಪ್ಪು.

ಬ್ರಿಟಿಷ್ ಮತ್ತು ಭಾರತೀಯ ಇಂಗ್ಲಿಷಿನ ನಿಯಮ ಹೀಗಿದೆ: ಒಂದು ಗುಂಪಿನೊಳಗೆ ‘ಹಂಡ್ರೆಡ್’ ಬಂದು, ಅದರ ಮುಂದೆ ಹತ್ತು ಅಥವಾ ಬಿಡಿ ಇದ್ದರೆ, ಆ ಎರಡರ ನಡುವೆ ‘ಆ್ಯಂಡ್’. 506 ಎಂದರೆ ‘ಫೈವ್ ಹಂಡ್ರೆಡ್ ಆ್ಯಂಡ್ ಸಿಕ್ಸ್’. 789 ಎಂದರೆ ‘ಸೆವೆನ್ ಹಂಡ್ರೆಡ್ ಆ್ಯಂಡ್ ಎಯ್ಟಿ-ನೈನ್’. ಲ್ಯಾಕ್, ಥೌಸಂಡ್, ಮಿಲಿಯನ್ ಆದಮೇಲೆ ಸಾಮಾನ್ಯವಾಗಿ ‘ಆ್ಯಂಡ್’ ಇಲ್ಲ.

ಇದಕ್ಕೆ ಒಂದೇ ಒಂದು ಸೇರ್ಪಡೆ. ಕೊನೆಯ ಗುಂಪಿನಲ್ಲಿ ನೂರರ ಸ್ಥಾನ ಸೊನ್ನೆಯಾಗಿ, ಹತ್ತು ಅಥವಾ ಬಿಡಿ ಮಾತ್ರ ಉಳಿದಿದ್ದರೆ ಅದರ ಮೊದಲು ‘ಆ್ಯಂಡ್’ ಬರುತ್ತದೆ. 2,005 ಎಂದರೆ ‘ಟೂ ಥೌಸಂಡ್ ಆ್ಯಂಡ್ ಫೈವ್’. 10,05,040 ಎಂದರೆ ‘ಟೆನ್ ಲ್ಯಾಕ್ ಫೈವ್ ಥೌಸಂಡ್ ಆ್ಯಂಡ್ ಫಾರ್ಟಿ’. 5,00,045 ಎಂದರೆ ‘ಫೈವ್ ಲ್ಯಾಕ್ ಆ್ಯಂಡ್ ಫಾರ್ಟಿ-ಫೈವ್’.

ಇಲ್ಲಿ ಭಾರತೀಯ ಪದ್ಧತಿಯ ಒಂದು ಅನುಕೂಲ ಗಮನಿಸಿ. ಲಕ್ಷ ಮತ್ತು ಸಾವಿರದ ಗುಂಪುಗಳಲ್ಲಿ ಎರಡೇ ಅಂಕಿ ಇರುವುದರಿಂದ ಅಲ್ಲಿ ‘ಹಂಡ್ರೆಡ್’ ಬರುವ ಅವಕಾಶವೇ ಇಲ್ಲ. ಹಾಗಾಗಿ ನೂರು ಕೋಟಿಯೊಳಗಿನ ಯಾವ ಸಂಖ್ಯೆಯಲ್ಲೂ ‘ಆ್ಯಂಡ್’ ಹೆಚ್ಚೆಂದರೆ ಒಂದೇ ಸಲ, ಅದೂ ಕೊನೆಯ ಗುಂಪಿನಲ್ಲಿ ಬರುತ್ತದೆ. ಲ್ಯಾಕ್, ಕ್ರೋರ್ ಬಳಸಿ ಬರೆದ, ನೂರು ಕೋಟಿಯೊಳಗಿನ ಮೊತ್ತದಲ್ಲಿ ಎರಡು ‘ಆ್ಯಂಡ್’ ಕಂಡರೆ, ಪೈಸೆಗಾಗಿ ಬಂದದ್ದನ್ನು ಬಿಟ್ಟು, ಒಂದು ತಪ್ಪಿದೆ ಎಂದೇ ಅರ್ಥ.

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಪ್ರತಿ ಗುಂಪಿನಲ್ಲೂ ಮೂರು ಅಂಕಿ ಇರುವುದರಿಂದ ಪ್ರತಿ ಗುಂಪಿಗೂ ಒಂದು ‘ಆ್ಯಂಡ್’ ಬರಬಹುದು. ಬೆಳಕಿನ ವೇಗ ಸೆಕೆಂಡಿಗೆ 299,792,458 ಮೀಟರ್. ‘ಟೂ ಹಂಡ್ರೆಡ್ ಆ್ಯಂಡ್ ನೈನ್ಟಿ-ನೈನ್ ಮಿಲಿಯನ್ ಸೆವೆನ್ ಹಂಡ್ರೆಡ್ ಆ್ಯಂಡ್ ನೈನ್ಟಿ-ಟೂ ಥೌಸಂಡ್ ಫೋರ್ ಹಂಡ್ರೆಡ್ ಆ್ಯಂಡ್ ಫಿಫ್ಟಿ-ಎಯ್ಟ್’. ಮೂರೂ ‘ಆ್ಯಂಡ್’ ಸರಿ. ಇದನ್ನೇ ಭಾರತೀಯ ರೀತಿಯಲ್ಲಿ 29,97,92,458 ಎಂದು ಒಡೆದರೆ ‘ಟ್ವೆಂಟಿ-ನೈನ್ ಕ್ರೋರ್ ನೈನ್ಟಿ-ಸೆವೆನ್ ಲ್ಯಾಕ್ ನೈನ್ಟಿ-ಟೂ ಥೌಸಂಡ್ ಫೋರ್ ಹಂಡ್ರೆಡ್ ಆ್ಯಂಡ್ ಫಿಫ್ಟಿ-ಎಯ್ಟ್’.

ಅಮೆರಿಕದ ರೂಢಿ ಬೇರೆ. ಅಲ್ಲಿ ಪೂರ್ಣ ಸಂಖ್ಯೆಯಲ್ಲಿ ‘ಆ್ಯಂಡ್’ ಬಿಟ್ಟು ‘ಫೈವ್ ಹಂಡ್ರೆಡ್ ಸಿಕ್ಸ್’ ಎಂದು ಬರೆಯುವುದೇ ಹೆಚ್ಚು. ಶಾಲೆಯ ಗಣಿತದಲ್ಲಿ ‘ಆ್ಯಂಡ್’ ಅನ್ನು ದಶಮಾಂಶ ಬಿಂದುವಿಗೆ ಮೀಸಲಿಡಲು ಕಲಿಸುತ್ತಾರೆ. ಚೆಕ್‌ನಲ್ಲಿಯೂ ಡಾಲರ್ ಮೊತ್ತ ಬರೆದು, ‘ಆ್ಯಂಡ್’ ಹಾಕಿ, ಸೆಂಟ್‌ಗಳನ್ನು 45/100 ಎಂಬ ಭಿನ್ನರಾಶಿಯಾಗಿ ಬರೆಯುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರು ಮನೆ ಬಾಡಿಗೆಯ ಚೆಕ್ ಬರೆಯುವಾಗ ಅಲ್ಲಿನ ರೂಢಿಯನ್ನೇ ಅನುಸರಿಸುವುದು ಒಳ್ಳೆಯದು. ಊರಿನ ಬ್ಯಾಂಕಿಗೆ ಬರೆಯುವಾಗ ‘ಆ್ಯಂಡ್’ ಹಾಕಿ. ಅದಿಲ್ಲವೆಂದು ಮೊತ್ತವೇನೂ ಬದಲಾಗುವುದಿಲ್ಲ, ಆದರೆ ಇಲ್ಲಿನ ಶಾಲೆಯ ಪರೀಕ್ಷೆಯಲ್ಲೂ ಕಚೇರಿಯಲ್ಲೂ ನಿರೀಕ್ಷಿಸುವುದು ಅದನ್ನೇ.

ಹಂತ 5: ಗುಂಪುಗಳನ್ನು ಜೋಡಿಸಿ, ಸೊನ್ನೆಯ ಗುಂಪನ್ನು ದಾಟಿ

ಈಗ ಕರ್ನಾಟಕದ ಜನಸಂಖ್ಯೆಗೆ ಮರಳೋಣ. 6,10,95,297: ‘ಸಿಕ್ಸ್ ಕ್ರೋರ್ ಟೆನ್ ಲ್ಯಾಕ್ ನೈನ್ಟಿ-ಫೈವ್ ಥೌಸಂಡ್ ಟೂ ಹಂಡ್ರೆಡ್ ಆ್ಯಂಡ್ ನೈನ್ಟಿ-ಸೆವೆನ್’. 61,095,297: ‘ಸಿಕ್ಸ್ಟಿ-ಒನ್ ಮಿಲಿಯನ್ ನೈನ್ಟಿ-ಫೈವ್ ಥೌಸಂಡ್ ಟೂ ಹಂಡ್ರೆಡ್ ಆ್ಯಂಡ್ ನೈನ್ಟಿ-ಸೆವೆನ್’.

ಒಂದು ಗುಂಪು ಪೂರ್ತಿ ಸೊನ್ನೆಯಾಗಿದ್ದರೆ ಅದರ ಹೆಸರನ್ನೇ ಹೇಳುವುದಿಲ್ಲ. 7,00,05,012ರಲ್ಲಿ ಲಕ್ಷದ ಗುಂಪು ಸೊನ್ನೆ. ‘ಸೆವೆನ್ ಕ್ರೋರ್ ಫೈವ್ ಥೌಸಂಡ್ ಆ್ಯಂಡ್ ಟ್ವೆಲ್ವ್’. ‘ಝೀರೋ ಲ್ಯಾಕ್’ ಎಂದು ಬರೆಯಬಾರದು. ಗುಂಪಿನ ಎಡಗಡೆಯ ಸೊನ್ನೆಗೂ ಪದವಿಲ್ಲ: 05 ಎಂದರೆ ಬರೀ ‘ಫೈವ್’.

ಪದಗಳ ನಡುವೆ ಅಲ್ಪವಿರಾಮ ಬೇಕೇ? ಮಿಲಿಯನ್, ಥೌಸಂಡ್ ಆದಮೇಲೆ ಅಲ್ಪವಿರಾಮ ಹಾಕುವ ರೂಢಿ ಕೆಲವೆಡೆ ಇದೆ, ತಪ್ಪಲ್ಲ. ಚೆಕ್ ಮತ್ತು ಕರಾರುಗಳಲ್ಲಿ ಹಾಕದಿರುವುದೇ ಚೆಂದ.

ಸಾಲು ಮಾತಿನ ನಡುವೆ ಬರೆಯುವಾಗ ಎಲ್ಲ ಪದಗಳೂ ಸಣ್ಣಕ್ಷರದಲ್ಲಿ ಇರಲಿ. ಚೆಕ್, ಕರಾರು, ಪ್ರಮಾಣಪತ್ರಗಳಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದಾಗಿಸುವುದು ವಾಡಿಕೆ.

ಲ್ಯಾಕ್ ಮಿಲಿಯನ್ ಆಗುವಾಗ

ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗುವಾಗ ಪದಗಳನ್ನು ಅನುವಾದಿಸಲು ಹೋಗಬೇಡಿ. ‘ನಲವತ್ತೈದು ಲಕ್ಷ ಅಂದರೆ ಎಷ್ಟು ಮಿಲಿಯನ್’ ಎಂದು ತಲೆಯಲ್ಲೇ ಲೆಕ್ಕ ಹಾಕುವಾಗಲೇ ಒಂದು ಸೊನ್ನೆ ಜಾರುವುದು. ಅಂಕಿಗೆ ಇಳಿಯಿರಿ, ಹಳೆಯ ಅಲ್ಪವಿರಾಮಗಳನ್ನು ಅಳಿಸಿ, ಬಲಗಡೆಯಿಂದ ಮೂರು ಮೂರಾಗಿ ಹೊಸದಾಗಿ ಹಾಕಿ, ಮತ್ತೆ ಓದಿ. 45,67,890 ಆಗ 4,567,890 ಆಗುತ್ತದೆ. ಅಂಕಿಗಳು ಅವೇ, ಗುಂಪು ಮಾತ್ರ ಬೇರೆ.

ತಾಳೆ ನೋಡಲು ಈ ನಾಲ್ಕು ಸಾಲು ಸಾಕು:

1 ಲಕ್ಷ = ಒನ್ ಹಂಡ್ರೆಡ್ ಥೌಸಂಡ್
10 ಲಕ್ಷ = ಒನ್ ಮಿಲಿಯನ್
100 ಕೋಟಿ = ಒನ್ ಬಿಲಿಯನ್
1 ಲಕ್ಷ ಕೋಟಿ = ಒನ್ ಟ್ರಿಲಿಯನ್

ಬಿಲಿಯನ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಬಿಲಿಯನ್ ಎಂದರೆ ಹತ್ತು ಲಕ್ಷ ಮಿಲಿಯನ್, ಅಂದರೆ ಈಗಿನ ಟ್ರಿಲಿಯನ್. 1974ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಸರ್ಕಾರ, ಇನ್ನು ಅಧಿಕೃತ ಅಂಕಿಅಂಶಗಳಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್ ಎಂದು ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಇಂದು ಇಂಗ್ಲಿಷಿನಲ್ಲಿ ಎಲ್ಲೆಡೆ ಅದೇ ಅರ್ಥ. ಆದರೆ ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಹಳೆಯ ಅರ್ಥವೇ ಉಳಿದಿದೆ; ಅಲ್ಲಿ ಸಾವಿರ ಮಿಲಿಯನ್‌ಗೆ ‘ಮಿಲಿಯಾರ್ಡ್’ ಎಂಬ ಜಾತಿಯ ಬೇರೆ ಪದವಿದೆ. ಆ ಭಾಷೆಗಳಿಂದ ಬಂದ ದಾಖಲೆ ಕೈಗೆ ಸಿಕ್ಕಿದರೆ ಸೊನ್ನೆಗಳನ್ನು ಎಣಿಸಿಯೇ ಮುಂದುವರಿಯಿರಿ.

ನೂರು ಕೋಟಿ ದಾಟಿದ ಮೇಲೆ

ಅರಬ್, ಖರಬ್‌ನಂಥ ಹೆಸರುಗಳು ಇದ್ದರೂ ಭಾರತೀಯ ಇಂಗ್ಲಿಷಿನ ಬಳಕೆಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ನಾವು ಮಾಡುವುದು ಇಷ್ಟೇ: ಕೋಟಿಯ ಎಡಗಡೆ ಇರುವುದೆಲ್ಲವನ್ನೂ ಒಂದು ಸ್ವತಂತ್ರ ಸಂಖ್ಯೆಯಂತೆ ಓದಿ, ಕೊನೆಗೆ ‘ಕ್ರೋರ್’ ಸೇರಿಸುತ್ತೇವೆ.

2011ರ ಜನಗಣತಿಯ ಅಂತಿಮ ಎಣಿಕೆಯಲ್ಲಿ ಭಾರತದ ಜನಸಂಖ್ಯೆ 1,21,08,54,977. ಕೋಟಿಯ ಎಡಗಡೆ ಇರುವುದು 121. ‘ಒನ್ ಹಂಡ್ರೆಡ್ ಆ್ಯಂಡ್ ಟ್ವೆಂಟಿ-ಒನ್ ಕ್ರೋರ್ ಎಯ್ಟ್ ಲ್ಯಾಕ್ ಫಿಫ್ಟಿ-ಫೋರ್ ಥೌಸಂಡ್ ನೈನ್ ಹಂಡ್ರೆಡ್ ಆ್ಯಂಡ್ ಸೆವೆಂಟಿ-ಸೆವೆನ್’. ಇಲ್ಲಿ ಕೋಟಿಯ ಭಾಗದಲ್ಲೂ ನೂರು ಬಂದಿರುವುದರಿಂದ ಎರಡನೇ ‘ಆ್ಯಂಡ್’ ಸರಿಯಾಗಿಯೇ ಇದೆ. ಅಂತರರಾಷ್ಟ್ರೀಯ ರೀತಿಯಲ್ಲಿ 1,210,854,977: ‘ಒನ್ ಬಿಲಿಯನ್ ಟೂ ಹಂಡ್ರೆಡ್ ಆ್ಯಂಡ್ ಟೆನ್ ಮಿಲಿಯನ್ ಎಯ್ಟ್ ಹಂಡ್ರೆಡ್ ಆ್ಯಂಡ್ ಫಿಫ್ಟಿ-ಫೋರ್ ಥೌಸಂಡ್ ನೈನ್ ಹಂಡ್ರೆಡ್ ಆ್ಯಂಡ್ ಸೆವೆಂಟಿ-ಸೆವೆನ್’.

ಇನ್ನೂ ದೊಡ್ಡದು ಬೇಕೆಂದರೆ ಬಜೆಟ್ ನೋಡಿ. 2025-26ರ ಕರ್ನಾಟಕ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ‘ಫೋರ್ ಲ್ಯಾಕ್ ನೈನ್ ಥೌಸಂಡ್ ಫೈವ್ ಹಂಡ್ರೆಡ್ ಆ್ಯಂಡ್ ಫಾರ್ಟಿ-ನೈನ್ ಕ್ರೋರ್ ರುಪೀಸ್’. ಹೊರದೇಶದ ಓದುಗರಿಗೆ ಹೇಳಬೇಕಾದರೆ ಏಳು ಸೊನ್ನೆ ಸೇರಿಸಿ ಮೂರು ಮೂರಾಗಿ ಒಡೆಯಿರಿ: 4,095,490,000,000. ‘ಫೋರ್ ಟ್ರಿಲಿಯನ್ ನೈನ್ಟಿ-ಫೈವ್ ಬಿಲಿಯನ್ ಫೋರ್ ಹಂಡ್ರೆಡ್ ಆ್ಯಂಡ್ ನೈನ್ಟಿ ಮಿಲಿಯನ್ ರುಪೀಸ್’. ಇಂಥ ಕಡೆ ‘ಅಬೌಟ್ ಫೋರ್ ಪಾಯಿಂಟ್ ಒನ್ ಟ್ರಿಲಿಯನ್’ ಎಂದರೆ ಓದುಗರಿಗೆ ಇನ್ನೂ ಹಗುರ.

ಒಂದೂವರೆ, ಎರಡೂಕಾಲು, ಮೂರೂಮುಕ್ಕಾಲು

ಕನ್ನಡದಲ್ಲಿ ಲಕ್ಷ ಕೋಟಿಗಳ ವ್ಯವಹಾರ ನಡೆಯುವುದೇ ಕಾಲು, ಅರ್ಧ, ಮುಕ್ಕಾಲಿನಲ್ಲಿ. ಸೈಟಿನ ಬೆಲೆ ‘ಎರಡೂಕಾಲು ಕೋಟಿ’ ಎಂದು ಕೇಳಿ, ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಬಿಡಿಸಿ ಬರೆಯುವುದೇ ಸುರಕ್ಷಿತ. ಒಂದೂವರೆ ಲಕ್ಷ ಎಂದರೆ ‘ಒನ್ ಲ್ಯಾಕ್ ಫಿಫ್ಟಿ ಥೌಸಂಡ್’. ಎರಡೂಕಾಲು ಕೋಟಿ ಎಂದರೆ ‘ಟೂ ಕ್ರೋರ್ ಟ್ವೆಂಟಿ-ಫೈವ್ ಲ್ಯಾಕ್’. ಮೂರೂಮುಕ್ಕಾಲು ಲಕ್ಷ ಎಂದರೆ ‘ತ್ರೀ ಲ್ಯಾಕ್ ಸೆವೆಂಟಿ-ಫೈವ್ ಥೌಸಂಡ್’. ಬರೀ ಮುಕ್ಕಾಲು ಕೋಟಿ ಎಂದರೆ ‘ಸೆವೆಂಟಿ-ಫೈವ್ ಲ್ಯಾಕ್’.

ಮಾತಿನಲ್ಲಿ ಅಥವಾ ಪತ್ರದಲ್ಲಿ ಅರ್ಧವನ್ನೇ ಬಳಸುವುದಾದರೆ ‘ಒನ್ ಆ್ಯಂಡ್ ಎ ಹಾಫ್ ಲ್ಯಾಕ್ ರುಪೀಸ್’ ಎನ್ನಬೇಕು. ನಡುವಿನ ಆ ‘ಎ’ ಬಿಟ್ಟು ‘ಒನ್ ಆ್ಯಂಡ್ ಹಾಫ್’ ಎನ್ನುವುದು ನಮ್ಮಲ್ಲಿ ಮನೆಮಾತಾಗಿರುವ ತಪ್ಪು.

ದಶಮಾಂಶದ ಬಲೆಯೂ ಇಲ್ಲೇ ಇದೆ. 2.5 ಕೋಟಿ ಎಂದರೆ ಎರಡು ಕೋಟಿ ಐವತ್ತು ಲಕ್ಷ, 2.05 ಕೋಟಿ ಎಂದರೆ ಎರಡು ಕೋಟಿ ಐದು ಲಕ್ಷ. ಆ ಒಂದು ಸೊನ್ನೆಯ ಬೆಲೆ ನಲವತ್ತೈದು ಲಕ್ಷ. ಓದುವಾಗ ಬಿಂದುವಿನ ನಂತರದ ಅಂಕಿಗಳನ್ನು ಒಂದೊಂದಾಗಿ ಹೇಳಬೇಕು: 2.05 ಎಂದರೆ ‘ಟೂ ಪಾಯಿಂಟ್ ಝೀರೋ ಫೈವ್’, 3.14 ಎಂದರೆ ‘ತ್ರೀ ಪಾಯಿಂಟ್ ಒನ್ ಫೋರ್’. ‘ಪಾಯಿಂಟ್ ಫೋರ್ಟೀನ್’ ಎನ್ನಬಾರದು.

ಲ್ಯಾಕ್ ಅಥವಾ ಲ್ಯಾಕ್ಸ್?

ಪದದ ಮೊದಲು ನಿರ್ದಿಷ್ಟ ಸಂಖ್ಯೆ ಇದ್ದರೆ ಹಂಡ್ರೆಡ್, ಥೌಸಂಡ್, ಲ್ಯಾಕ್, ಕ್ರೋರ್, ಮಿಲಿಯನ್ ಯಾವುದಕ್ಕೂ ‘ಎಸ್’ ಬೇಡ: ‘ಫೈವ್ ಲ್ಯಾಕ್ ರುಪೀಸ್’, ‘ತ್ರೀ ಥೌಸಂಡ್ ಪೀಪಲ್’. ‘ಅ ಫ್ಯೂ’, ‘ಸೆವೆರಲ್’ ಬಂದಾಗಲೂ ಹಾಗೇ. ಸಂಖ್ಯೆಯಿಲ್ಲದೆ ‘ಸಾವಿರಾರು’, ‘ಲಕ್ಷಾಂತರ’ ಎಂಬ ಅರ್ಥದಲ್ಲಿ ಬಂದಾಗ ಮಾತ್ರ ‘ಎಸ್’ ಸೇರಿ, ಮುಂದೆ ‘ಆಫ್’ ಬರುತ್ತದೆ: ‘ಥೌಸಂಡ್ಸ್ ಆಫ್ ಪೀಪಲ್’, ‘ಲ್ಯಾಕ್ಸ್ ಆಫ್ ರುಪೀಸ್’. ಚೆಕ್‌ಗಳಲ್ಲಿ ‘ರುಪೀಸ್ ಫೈವ್ ಲ್ಯಾಕ್ಸ್ ಓನ್ಲಿ’ ಎಂದು ಬರೆಯುವ ಹಳೆಯ ರೂಢಿ ಇನ್ನೂ ಇದೆ, ಮೊತ್ತದ ಅರ್ಥವನ್ನು ಅದು ಕೆಡಿಸುವುದಿಲ್ಲ. ವ್ಯಾಕರಣಕ್ಕೆ ಹೊಂದುವುದು ‘ಫೈವ್ ಲ್ಯಾಕ್’. ‘ಖ’ ಧ್ವನಿಗಾಗಿ ‘ಕೆ, ಹೆಚ್’ ಬಳಸಿ ಎಲ್, ಎ, ಕೆ, ಹೆಚ್ ಎಂದು ಬರೆಯಿರಿ. ‘ಸಿ’ಯಲ್ಲಿ ಕೊನೆಯಾಗುವ ರೂಪ ಹಳೆಯದು.

ಸಂಖ್ಯೆ ವಿಶೇಷಣವಾದಾಗ ರೂಪಾಯಿಗೂ ‘ಎಸ್’ ಹೋಗುತ್ತದೆ, ಪದಗಳ ನಡುವೆ ಹೈಫನ್ ಬರುತ್ತದೆ: ‘ಎ ಫೈವ್-ಹಂಡ್ರೆಡ್-ರುಪೀ ನೋಟ್’, ‘ಎ ಟೆನ್-ಲ್ಯಾಕ್-ರುಪೀ ಲೋನ್’. ಇನ್ನು ಹಣದ ಮೊತ್ತವನ್ನು ಒಂದು ಇಡಿಯಾಗಿ ನೋಡಿದಾಗ ಕ್ರಿಯಾಪದ ಏಕವಚನದಲ್ಲಿರುತ್ತದೆ: ‘ಟೆನ್ ಲ್ಯಾಕ್ ರುಪೀಸ್ ಈಸ್ ಎ ಬಿಗ್ ಅಮೌಂಟ್’. ಜನರಾದರೆ ಬಹುವಚನ: ‘ಟೆನ್ ಲ್ಯಾಕ್ ಪೀಪಲ್ ವರ್ ಪ್ರೆಸೆಂಟ್’.

ಚೆಕ್ ಬರೆಯುವಾಗ

ಚೆಕ್‌ನಲ್ಲಿ ‘ರುಪೀಸ್’ ಎಂದು ಅಚ್ಚಾಗಿಯೇ ಇರುತ್ತದೆ, ಅದನ್ನು ಮತ್ತೆ ಬರೆಯುವುದು ಬೇಡ. ಅದಕ್ಕೆ ತಾಗಿಕೊಂಡೇ ಬರವಣಿಗೆ ಶುರುಮಾಡಿ. ಸಾವಿರ ರೂಪಾಯಿಗೆ ಬರೀ ‘ಥೌಸಂಡ್’ ಎಂದು ಬರೆದರೆ ಅದರ ಎಡಗಡೆಯ ಖಾಲಿ ಜಾಗದಲ್ಲಿ ಯಾರಾದರೂ ‘ಫೈವ್’ ಸೇರಿಸಬಹುದು. ‘ಒನ್ ಥೌಸಂಡ್’ ಎಂದೇ ಇರಲಿ. ‘ಎ ಥೌಸಂಡ್’ ಮಾತಿಗೆ ಸರಿ, ಚೆಕ್‌ಗೆ ಬೇಡ. 1,500ಕ್ಕೆ ‘ಫಿಫ್ಟೀನ್ ಹಂಡ್ರೆಡ್’ ಎನ್ನುವುದೂ ಮಾತಿಗಷ್ಟೇ. ಚೆಕ್‌ನಲ್ಲಿ ‘ಒನ್ ಥೌಸಂಡ್ ಫೈವ್ ಹಂಡ್ರೆಡ್’.

ಪದಗಳ ನಡುವೆ ಹೆಚ್ಚು ಜಾಗ ಬಿಡಬೇಡಿ. ‘ಎಯ್ಟ್’ ಪಕ್ಕ ಒಂದು ‘ವೈ’ ಸೇರಿಸಿದರೆ ‘ಎಯ್ಟಿ’. ‘ಸಿಕ್ಸ್’, ‘ಸೆವೆನ್’, ‘ನೈನ್’ಗಳ ಪಕ್ಕ ‘ಟಿ, ವೈ’ ಸೇರಿಸಿದರೆ ಅರವತ್ತು, ಎಪ್ಪತ್ತು, ತೊಂಬತ್ತು. ‘ಫೋರ್’ ಪಕ್ಕ ‘ಟೀನ್’ ಬಂದರೆ ಹದಿನಾಲ್ಕು. ಎಂಟು ಸಾವಿರದ ಚೆಕ್ಕು ಎಂಬತ್ತು ಸಾವಿರವಾಗಲು ಒಂದು ಅಕ್ಷರ ಸಾಕು.

ಪೈಸೆ ಇದ್ದರೆ ಕೊನೆಯಲ್ಲಿ ಇನ್ನೊಂದು ‘ಆ್ಯಂಡ್’ ಜೊತೆ ಬರಲಿ. 1,07,540.50ಕ್ಕೆ: ‘ಒನ್ ಲ್ಯಾಕ್ ಸೆವೆನ್ ಥೌಸಂಡ್ ಫೈವ್ ಹಂಡ್ರೆಡ್ ಆ್ಯಂಡ್ ಫಾರ್ಟಿ ಆ್ಯಂಡ್ ಪೈಸೆ ಫಿಫ್ಟಿ ಓನ್ಲಿ’. ‘ಓನ್ಲಿ’ ಬರೆದು ಉಳಿದ ಜಾಗಕ್ಕೆ ಗೆರೆ ಎಳೆಯಿರಿ.

ತಪ್ಪಾದರೆ ಹೊಡೆದುಹಾಕಿ ಸಹಿ ಮಾಡುವ ಕಾಲ ಮುಗಿದಿದೆ. ಚೆಕ್‌ನ ಚಿತ್ರವನ್ನೇ ಕಳಿಸಿ ಕ್ಲಿಯರ್ ಮಾಡುವ ಈಗಿನ ಸಿಟಿಎಸ್ ವ್ಯವಸ್ಥೆಯಲ್ಲಿ ದಿನಾಂಕದ ಮರುಮಾನ್ಯತೆ ಬಿಟ್ಟು ಬೇರೆ ತಿದ್ದುಪಡಿಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿಲ್ಲ. ಹೊಸ ಹಾಳೆ ತೆಗೆದುಕೊಳ್ಳಿ.

ಇಷ್ಟೆಲ್ಲ ಇಂಗ್ಲಿಷ್ ಕಸರತ್ತು ಬೇಡ ಎನ್ನುವವರಿಗೆ ಒಂದು ಮಾತು: ಚೆಕ್ಕನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವಾ ನಿರ್ದೇಶನಗಳೇ ಹೇಳುತ್ತವೆ. ಕರ್ನಾಟಕದಲ್ಲಿ ‘ಒಂದು ಲಕ್ಷದ ಏಳು ಸಾವಿರದ ಐನೂರ ನಲವತ್ತು ಮಾತ್ರ’ ಎಂದು ಕನ್ನಡದಲ್ಲಿ ಬರೆಯುವ ಹಕ್ಕು ನಿಮಗಿದೆ. ಅದನ್ನು ಬಳಸಿ ಎಂದೇ ನಾನು ಹೇಳುತ್ತೇನೆ.

ಇಸವಿ, ದಿನಾಂಕ, ಕ್ರಮಸಂಖ್ಯೆ

ಇಸವಿಗಳನ್ನು ಸಾಮಾನ್ಯವಾಗಿ ಎರಡೆರಡು ಅಂಕಿಯಾಗಿ ಓದುತ್ತಾರೆ: 1956 ‘ನೈನ್ಟೀನ್ ಫಿಫ್ಟಿ-ಸಿಕ್ಸ್’, 2024 ‘ಟ್ವೆಂಟಿ ಟ್ವೆಂಟಿ-ಫೋರ್’. 2000ದಿಂದ 2009ರವರೆಗಿನವು ಮಾತ್ರ ‘ಟೂ ಥೌಸಂಡ್’, ‘ಟೂ ಥೌಸಂಡ್ ಆ್ಯಂಡ್ ನೈನ್’ ಎಂದೇ ನಿಂತಿವೆ. ಜನ್ಮದಿನಾಂಕವನ್ನು ಅಕ್ಷರದಲ್ಲಿ ಬರೆಯುವಾಗ ದಿನ ಕ್ರಮಸಂಖ್ಯೆಯಲ್ಲಿರಲಿ: 15-08-2009 ಎಂದರೆ ‘ಫಿಫ್ಟೀನ್ತ್ ಆಗಸ್ಟ್ ಟೂ ಥೌಸಂಡ್ ಆ್ಯಂಡ್ ನೈನ್’.

ದೊಡ್ಡ ಸಂಖ್ಯೆ ಕ್ರಮಸಂಖ್ಯೆಯಾದಾಗ ಬದಲಾಗುವುದು ಕೊನೆಯ ಪದ ಮಾತ್ರ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371 ಜೆ ವಿಧಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂತು; ಆ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲೇ ‘ನೈನ್ಟಿ-ಎಯ್ಟ್ತ್’ ಎಂದು ಹೈಫನ್ ಸಮೇತ ಇದೆ. 125ನೇ ಜಯಂತಿ ‘ಒನ್ ಹಂಡ್ರೆಡ್ ಆ್ಯಂಡ್ ಟ್ವೆಂಟಿ-ಫಿಫ್ತ್’. ಟ್ವೆಂಟಿ, ಥರ್ಟಿಗಳಂಥವು ಕ್ರಮಸಂಖ್ಯೆಯಾದಾಗ ಕೊನೆಯ ‘ವೈ’ ಹೋಗಿ ‘ಐ, ಇ’ ಬಂದು ಆಮೇಲೆ ‘ಟಿ, ಹೆಚ್’ ಸೇರುತ್ತದೆ.

ವಾಕ್ಯದ ಮೊದಲಲ್ಲಿ ಅಂಕಿ ಹಾಕಬೇಡಿ. ಪದದಲ್ಲಿ ಬರೆಯಿರಿ, ಅಥವಾ ಸಂಖ್ಯೆ ತೀರಾ ಉದ್ದವಾಗಿದ್ದರೆ ವಾಕ್ಯವನ್ನೇ ತಿರುಗಿಸಿ. ಲೇಖನದ ನಡುವೆ ಉದ್ದುದ್ದ ಸಂಖ್ಯೆಗಳನ್ನು ಪದಗಳಲ್ಲಿ ಬರೆಯುವ ಅಗತ್ಯವೂ ಇಲ್ಲ. ಅಲ್ಲಿ ‘6.1 ಕ್ರೋರ್’ ಎಂದು ಅಂಕಿ ಮತ್ತು ಪದ ಸೇರಿಸಿದರೆ ಸಾಕು.

ಕೊನೆಯ ಹಂತ: ಹಿಂದಕ್ಕೆ ಓದಿ ತಾಳೆ ನೋಡಿ

ಎಕ್ಸೆಲ್‌ನಲ್ಲಿ ಸಂಖ್ಯೆಯನ್ನು ಇಂಗ್ಲಿಷ್ ಪದಗಳಾಗಿಸುವ ಸಿದ್ಧ ಫಂಕ್ಷನ್ ಇಲ್ಲ. ಥಾಯ್ ಭಾಷೆಗೆ ಇದೆ, ಇಂಗ್ಲಿಷಿಗಿಲ್ಲ. ಆನ್‌ಲೈನ್ ಪರಿವರ್ತಕಗಳು ಸಿಗುತ್ತವೆ, ಅನೇಕವು ಹೇಳದೆಯೇ ಮಿಲಿಯನ್‌ನಲ್ಲಿ ಉತ್ತರ ಕೊಡುತ್ತವೆ. ಹಾಗಾಗಿ ನಿಮ್ಮದೇ ಪರೀಕ್ಷೆ ಇಟ್ಟುಕೊಳ್ಳಿ: ಬರೆದ ಪದಗಳನ್ನು ಅಂಕಿಯ ಕಡೆ ನೋಡದೆ ಮತ್ತೆ ಅಂಕಿಗೆ ಇಳಿಸಿ. ಸಾಧ್ಯವಾದರೆ ಇನ್ನೊಬ್ಬರಿಂದ ಇಳಿಸಿಸಿ.

ಇಳಿಸುವ ಕ್ರಮ ಹೀಗೆ. ಮೊದಲು ಖಾಲಿ ಗುಂಪುಗಳನ್ನು ಎಳೆದುಕೊಳ್ಳಿ. ಕೋಟಿ ಇದ್ದರೆ ಅದರ ಬಲಕ್ಕೆ ಯಾವಾಗಲೂ ಏಳು ಅಂಕಿಗಳಿರಬೇಕು: ಲಕ್ಷಕ್ಕೆ ಎರಡು, ಸಾವಿರಕ್ಕೆ ಎರಡು, ಕೊನೆಗೆ ಮೂರು. ‘ತ್ರೀ ಕ್ರೋರ್ ಫೋರ್ ಲ್ಯಾಕ್ ಆ್ಯಂಡ್ ಸಿಕ್ಸ್ಟಿ’ ಎಂಬುದನ್ನು ಅವಸರದಲ್ಲಿ 3,04,060 ಎಂದು ಬರೆದುಬಿಡುವವರಿದ್ದಾರೆ. ಅದು ಬರೀ ಮೂರು ಲಕ್ಷದ ನಾಲ್ಕು ಸಾವಿರದ ಅರವತ್ತು. ಗುಂಪಿನಲ್ಲಿ ತುಂಬಿದರೆ ಕೋಟಿಗೆ 3, ಲಕ್ಷಕ್ಕೆ 04, ಹೆಸರೇ ಬಾರದ ಸಾವಿರಕ್ಕೆ 00, ಕೊನೆಗೆ 060. ಸರಿಯಾದ ಉತ್ತರ 3,04,00,060. ‘ಟೂ ಬಿಲಿಯನ್ ಫಿಫ್ಟಿ ಥೌಸಂಡ್’ ಬಂದರೆ ಬಿಲಿಯನ್‌ನ ಬಲಕ್ಕೆ ಮೂರು ಅಂಕಿಯ ಮೂರು ಗುಂಪು: 2,000,050,000. ಹೀಗೆ ಇಳಿಸಿದ ಸಂಖ್ಯೆ ಮೊದಲಿನದಕ್ಕೆ ಅಂಕಿ ಅಂಕಿ ಹೊಂದಿದರೆ ಸಹಿ ಹಾಕಿ.